ಗುಡಿಸದ ಹಿತ್ತಲು

ಮನೆಗೆ ಬಂದ ನೆಂಟರನ್ನು ಯಾರೂ ಹಿತ್ತಲಿಗೆ ಕರೆದುಕೊಂಡು ಹೋಗಿ ಕೂರಿಸುವುದಿಲ್ಲ. ಮುಂಬಾಗಿಲಿಗೆ ರಂಗೋಲಿ, ತೋರಣ. ಹಜಾರಕ್ಕೆ ಸೋಫಾ, ಟಿವಿ. ಅಡುಗೆಮನೆಗೂ ಈಚೆಗೆ ಒಂದು ಅಂದ ಬಂದಿದೆ. ಹಿತ್ತಲಿಗೆ ಮಾತ್ರ ಬಟ್ಟೆ ಒಗೆಯುವ ಕಲ್ಲು, ಹಿಡಿ ಮುರಿದ ಬಕೆಟ್ಟು, ಬಚ್ಚಲ ನೀರು ಕುಡಿದು ಬೆಳೆದ ಬಾಳೆ, ಎಂದಾದರೂ ಬೇಕಾದೀತು ಎಂದು ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಸರಳು. ಅಲ್ಲಿ ಬೆಳೆದ ಗಿಡ ಮದ್ದಲ್ಲ ಎಂದು ಗಾದೆಯೇ ಹೇಳಿಬಿಟ್ಟಿದೆ. ಮನೆಯವರು ಅಷ್ಟಾಗಿ ಕಣ್ಣಿಡದ ಇಂಥ ಜಾಗಕ್ಕೇ ಮನೆಯವರಲ್ಲದ ಜೀವಗಳು ಬಂದು ನೆಲೆಸುತ್ತವೆ. ಈ ವರ್ಷದ ವಸಂತದಲ್ಲಿ ಅವುಗಳನ್ನು ನೋಡುತ್ತ, ಚಿತ್ರ ತೆಗೆಯುತ್ತ ಕಳೆದ ದಿನಗಳ ಬಗ್ಗೆ, ಅವುಗಳ ಜೊತೆಗೇ ಮನಸ್ಸಿಗೆ ಬಂದು ಕೂತ ಒಂದು ಪೊರಕೆಯ ಬಗ್ಗೆ ಬರೆಯಬೇಕೆನಿಸಿದೆ.

ನಮ್ಮದು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ 40–60ರ ಸೈಟಿನಲ್ಲಿ ಕಟ್ಟಿದ ಮನೆ. ಹಿಂದೆ ಸುಮಾರು ಹದಿನೈದು ಅಡಿ ಜಾಗ ಬಿಟ್ಟಿದ್ದಾರೆ. ಅಷ್ಟರಲ್ಲೇ ಒಂದು ನುಗ್ಗೆ, ಒಂದು ನಿಂಬೆ, ಎರಡು ದಾಸವಾಳ, ಕರಿಬೇವು, ಬಾಳೆಯ ಗುಂಪು. ಪಕ್ಕದ ಮನೆಯವರ ಹೊಂಗೆ ಮರ ಕಾಂಪೌಂಡಿನ ಮೇಲಿಂದ ಅರ್ಧಕ್ಕರ್ಧ ನಮ್ಮ ಕಡೆಗೇ ಬಾಗಿದೆ. ‘ಮರ ಅವರದು, ಎಲೆ ನಮ್ಮದು’ ಎನ್ನುತ್ತಾಳೆ ಅಮ್ಮ. ಪಿಎಚ್.ಡಿ. ಪ್ರಬಂಧ ಬರೆದು ಮುಗಿಸಲೆಂದು ಫೆಬ್ರವರಿಯಲ್ಲಿ ಊರಿಗೆ ಬಂದ ನನಗೆ ಹಿತ್ತಲ ಕಡೆಯ ಕೋಣೆ ಸಿಕ್ಕಿತು. ಮೇಜಿನ ಮುಂದೆ ಕಿಟಕಿ, ಕಿಟಕಿಯಾಚೆ ನುಗ್ಗೆ ಮರ. ಗೆಳತಿಯಿಂದ ಅರ್ಧ ಬೆಲೆಗೆ ಕೊಂಡ ಹಳೆಯ ಕ್ಯಾಮೆರಾ, ಅದರ 70–300ರ ಲೆನ್ಸು, ಟಿಪ್ಪಣಿ ಪುಸ್ತಕಗಳ ಪಕ್ಕದಲ್ಲೇ ಇರುತ್ತಿದ್ದವು.

ಶುರುವಾದದ್ದು ಎಣಿಕೆಯಿಂದ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದ ನಾನಾ ಕಡೆಯ ಜನ ತಮ್ಮ ಸುತ್ತಲಿನ ಹಕ್ಕಿಗಳನ್ನು ಎಣಿಸುತ್ತಾರೆ. ಅದಕ್ಕೆ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂದು ಹೆಸರು. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ 1998ರಲ್ಲಿ ಆರಂಭಿಸಿದ ಈ ಎಣಿಕೆಗೆ ಭಾರತ 2013ರಲ್ಲಿ ಸೇರಿಕೊಂಡಿತು. ನಿಯಮ ಸರಳ. ಕಡಿಮೆಯೆಂದರೆ 15 ನಿಮಿಷ ಒಂದು ಕಡೆ ಕೂತು, ಕಂಡ ಮತ್ತು ಕೇಳಿದ ಹಕ್ಕಿಗಳನ್ನೆಲ್ಲ ಪಟ್ಟಿ ಮಾಡಿ ಇ-ಬರ್ಡ್ ತಾಣಕ್ಕೆ ಸೇರಿಸುವುದು. ಕಿಟಕಿಯಲ್ಲಿ ಕೂತ ಮೊದಲ ಹದಿನೈದು ನಿಮಿಷಕ್ಕೆ ನನ್ನ ಪಟ್ಟಿಯಲ್ಲಿ ಹನ್ನೊಂದು ಹೆಸರುಗಳಿದ್ದವು: ಕಾಗೆ, ಗೊರವಂಕ, ಕೆಮ್ಮೀಸೆ ಪಿಕಳಾರ, ಟುವ್ವಿ, ಸೂರಕ್ಕಿ, ಮಡಿವಾಳ, ಹರಟೆಮಲ್ಲ, ಗಿಳಿ, ಕೋಗಿಲೆ, ಮೇಲೆ ಸುತ್ತುವ ಹದ್ದು, ದನಿ ಮಾತ್ರ ಕೇಳಿಸಿದ ಕುಟ್ರು. ಇಪ್ಪತ್ತು ವರ್ಷ ಬದುಕಿದ ಮನೆಯ ಹಿಂದೆ ಹನ್ನೊಂದು ಬಗೆಯ ಹಕ್ಕಿಗಳು ಹದಿನೈದೇ ನಿಮಿಷದಲ್ಲಿ ಸಿಕ್ಕಿದ್ದವು. ಎಣಿಕೆ ನಾಲ್ಕು ದಿನಕ್ಕೆ ಮುಗಿಯಿತು. ಕಿಟಕಿಯಲ್ಲಿ ಕೂರುವ ಅಭ್ಯಾಸ ಮುಗಿಯಲಿಲ್ಲ.

ಪಂಚಾಂಗದಲ್ಲಿ ವಸಂತ ಚೈತ್ರದ ಮೊದಲ ದಿನ ಹುಟ್ಟುತ್ತದೆ. ಹಿತ್ತಲಿಗೆ ಅದು ಕಂತುಗಳಲ್ಲಿ ಬರುತ್ತದೆ. ಮೊದಲು ಹೊಂಗೆ ಎಲೆ ಉದುರಿಸುತ್ತದೆ. ಅದು ಒಂದೆರಡು ದಿನದ ಕೆಲಸವಲ್ಲ. ವಾರಗಟ್ಟಲೆ, ಗಾಳಿ ಬೀಸಿದಾಗಲೆಲ್ಲ ಒಂದು ಮೊರದಷ್ಟು. ಇನ್ನೇನು ಬೋಳಾಯಿತು ಎನ್ನುವಷ್ಟರಲ್ಲಿ ಎಣ್ಣೆ ಸವರಿದಂಥ ಚಿಗುರು. ಅದರ ಹಿಂದೆಯೇ ಕೋಗಿಲೆಯ ದನಿ ದಿನದಿನಕ್ಕೆ ಏರುತ್ತದೆ. ಹಾಡುವುದು ಗಂಡು, ಕೆಂಪು ಕಣ್ಣಿನ ಕಪ್ಪು ಹಕ್ಕಿ. ಹೆಣ್ಣಿನ ಕಂದು ಮೈ ತುಂಬ ಬಿಳಿ ಚುಕ್ಕೆಗಳು. ಅದು ಕಿಕ್ಕಿಕ್ಕಿಕ್ ಎಂದು ಕೂಗುತ್ತ ಕಾಗೆಯ ಗೂಡಿನ ಸುತ್ತ ಹೊಂಚುಹಾಕುತ್ತದೆ. ಹಾಡುವ ಕೋಗಿಲೆಯನ್ನು ಹೆಣ್ಣೆಂದೇ ನಂಬಿ ಬೆಳೆದ ನಮಗೆ ಲೆನ್ಸಿನಲ್ಲಿ ಕಂಡ ಆ ಕೆಂಗಣ್ಣು ಸ್ವಲ್ಪ ಕಸಿವಿಸಿ ಮಾಡುವಂಥದ್ದೇ.

ಮಾರ್ಚ್ ಎರಡನೆಯ ವಾರ ಕಾಂಪೌಂಡಿನ ಮೇಲೆ ಗಂಡು ಓತಿಕ್ಯಾತವೊಂದು ಕಾಣಿಸಿಕೊಂಡಿತು. ಹಿಂದಿನ ತಿಂಗಳು ಮಣ್ಣಿನ ಬಣ್ಣಕ್ಕಿದ್ದ ಅದರ ತಲೆ, ಕುತ್ತಿಗೆ ಈಗ ಕೆಂಪೇರಿತ್ತು. ಬಿಸಿಲಿಗೆ ಬಂದು ಮುಂಗಾಲೂರಿ ವ್ಯಾಯಾಮಶಾಲೆಯ ಹುಡುಗನಂತೆ ದಂಡ ಹೊಡೆಯುತ್ತಿತ್ತು. ಇದು ದೂರದಿಂದಲೇ ರಕ್ತ ಹೀರುತ್ತದೆ ಎಂದು ನಂಬಿ ಮಕ್ಕಳು ಕಲ್ಲು ಹೊಡೆಯುವುದುಂಟು. ಆ ಕೆಂಪು ಯಾರ ರಕ್ತವೂ ಅಲ್ಲ, ಈ ಗೋಡೆ ನನ್ನದು ಎಂದು ಇತರ ಗಂಡುಗಳಿಗೆ, ಇಲ್ಲಿದ್ದೇನೆ ಎಂದು ಹೆಣ್ಣಿಗೆ ಹೇಳುವ ಬಗೆ. ಬೆಳಗ್ಗೆ ಒಂಬತ್ತರ ಇಳಿಬಿಸಿಲು ಗೋಡೆಗೆ ಬೀಳುವ ಹತ್ತು ನಿಮಿಷದಲ್ಲಿ ಅದರ ಚಿತ್ರ ಸಿಕ್ಕಿತು. ಆಮೇಲೆ ಬಿಸಿಲು ಗಡುಸಾಗಿ ಬಣ್ಣವೆಲ್ಲ ಸುಣ್ಣವಾಗುತ್ತದೆ.

ಕರಿಬೇವಿನ ಗಿಡದಲ್ಲಿ ಹಕ್ಕಿ ಹಿಕ್ಕೆ ಹಾಕಿದಂತೆ ಕಾಣುವ ಕಪ್ಪು–ಬಿಳುಪಿನ ಚೂರುಗಳಿದ್ದವು. ಹತ್ತಿರದಿಂದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ ಅವು ಚಿಟ್ಟೆಯ ಮರಿಹುಳುಗಳು. ಕರಿಬೇವು, ನಿಂಬೆಯ ಎಲೆ ತಿನ್ನುವ ಈ ಹುಳುಗಳು ಚಿಕ್ಕದಿರುವಾಗ ಹಿಕ್ಕೆಯ ವೇಷದಲ್ಲಿ ಬದುಕುತ್ತವೆ. ಬೆಳೆದ ಮೇಲೆ ಎಲೆಯ ಹಸಿರು ತಳೆಯುತ್ತವೆ. ಇದನ್ನು ನಾನು ಕಂಡುಹಿಡಿದವಳಂತೆ ಅಮ್ಮನಿಗೆ ತೋರಿಸಿದೆ. ಅಮ್ಮ ಒಗ್ಗರಣೆಗೆ ಎಲೆ ಕೀಳುತ್ತಲೇ ಹೇಳಿದಳು: ‘ಹುಳ ಇರೋ ಕಡ್ಡಿ ಬಿಟ್ಟು ಬೇರೆ ಕಡೆ ಕಿತ್ಕೋಬೇಕು. ಆ ಹಸಿರುದನ್ನ ಸ್ವಲ್ಪ ಮುಟ್ಟಿ ನೋಡು, ಕೊಂಬು ತೆಗೆಯತ್ತೆ. ಒಂಥರಾ ಹುಳಿ ವಾಸನೆ.’ ಹೌದು, ಕೆಣಕಿದರೆ ಅದರ ತಲೆಯ ಹಿಂದಿನಿಂದ ಕವಲೊಡೆದ ಕಿತ್ತಳೆ ಬಣ್ಣದ ಅಂಗವೊಂದು ಹೊರಬರುತ್ತದೆ, ವೈರಿಗೆ ವಾಸನೆ ಬೀರುತ್ತದೆ. ಅಮ್ಮನಿಗೆ ಅದು ಎಷ್ಟೋ ವರ್ಷಗಳಿಂದ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಸೂರಕ್ಕಿಯ ಗೂಡನ್ನು ಕಂಡವಳೂ ಅವಳೇ. ಬಟ್ಟೆ ಒಣಹಾಕುವ ತಂತಿಯ ಒಂದು ತುದಿಯಲ್ಲಿ ನೈಲಾನ್ ಹಗ್ಗದ ತುಂಡೊಂದು ಇಳಿಬಿದ್ದಿತ್ತು. ‘ಅದಕ್ಕೆ ಕಸ ಸಿಕ್ಕಿಕೊಂಡಿದೆ ಅಂತ ಕಿತ್ತುಹಾಕಕ್ಕೆ ಹೋದೆ ಕಣೇ. ಕಸ ನನ್ನನ್ನೇ ನೋಡ್ತು’ ಎಂದಳು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಹೆಣ್ಣು ಹಕ್ಕಿ ಅರೆಗಟ್ಟಿದ ಗೂಡಿನೊಳಗಿಂದ ಕೊಕ್ಕು ಚಾಚಿತ್ತು. ನಮ್ಮ ಹಿತ್ತಲುಗಳಲ್ಲಿ ಸಾಮಾನ್ಯವಾದ ಈ ಸೂರಕ್ಕಿಯಲ್ಲಿ ಗೂಡು ಕಟ್ಟುವುದು ಹೆಣ್ಣು. ನಾರು, ಒಣಹುಲ್ಲುಗಳನ್ನು ಜೇಡರ ಬಲೆಯಿಂದ ಹೊಲಿದು, ಹೊರಗೆ ತೊಗಟೆಯ ಚೂರು, ಹುಳುವಿನ ಹಿಕ್ಕೆ ಅಂಟಿಸಿ, ಬಾಗಿಲ ಮೇಲೊಂದು ಪುಟ್ಟ ಸೂರು ಇಳಿಸುತ್ತದೆ. ಕಸದಂತೆ ಕಾಣಬೇಕು ಎಂಬುದೇ ಅದರ ಕಸುಬು. ಅಂದಿನಿಂದ ಅಮ್ಮ ತಂತಿಯ ಅರ್ಧ ಭಾಗವನ್ನು ಹಕ್ಕಿಗೆ ಬಿಟ್ಟುಕೊಟ್ಟಳು. ಕರವಸ್ತ್ರ, ರವಿಕೆಗಳು ಉಳಿದರ್ಧದಲ್ಲಿ. ಹೊದಿಕೆ, ಸೀರೆಗಳು ತಾರಸಿಯ ಮೇಲೆ.

ಗೂಡಿನ ಚಿತ್ರ ತೆಗೆಯುವ ವಿಷಯದಲ್ಲಿ ಈಗ ತಿಳಿದವರು ಕಟ್ಟುನಿಟ್ಟಾಗಿದ್ದಾರೆ. ಅನೇಕ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಕಾರಣ ಸ್ಪಷ್ಟ. ಚೆಂದದ ಚಿತ್ರಕ್ಕಾಗಿ ಅಡ್ಡ ಬರುವ ಎಲೆ ಕತ್ತರಿಸಿದರೆ ಗೂಡಿಗೆ ನೆರಳು ತಪ್ಪುತ್ತದೆ, ಕಾಗೆ, ಕೆಂಬೂತಗಳ ಕಣ್ಣಿಗೆ ಬೀಳುತ್ತದೆ. ಜನ ಹತ್ತಿರ ನಿಂತಷ್ಟು ಹೊತ್ತು ತಾಯಿ ದೂರ ಕೂತಿರುತ್ತದೆ. ಮೊಟ್ಟೆ ತಣ್ಣಗಾಗುತ್ತದೆ, ಮರಿ ಹಸಿಯುತ್ತದೆ. ಮೂಡಿಗೆರೆಯ ತೋಟದಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳಿಗೆ ಕಾದು ಕೂತ ಪೂರ್ಣಚಂದ್ರ ತೇಜಸ್ವಿಯವರಿಂದಾಗಿ ನನ್ನಂಥ ಓದುಗರಿಗೆ ಈ ಹವ್ಯಾಸ ಸಾಹಿತ್ಯದ ನೆರೆಮನೆಯಂತೆಯೇ ಕಂಡಿದೆ. ಕಾಯುವುದು ಅದರ ಮುಕ್ಕಾಲು ಭಾಗ ಎಂಬುದೂ ಗೊತ್ತು. ಹಾಗಾಗಿ ನನ್ನದು ಕಿಟಕಿಯಿಂದ ಮಾತ್ರ, ಹನ್ನೆರಡು ಅಡಿ ದೂರದಿಂದ, ಫ್ಲಾಶ್ ಇಲ್ಲದೆ, ದಿನಕ್ಕೆ ನಾಲ್ಕೈದು ಚಿತ್ರ. ಅವು ಕಲೆಗಾಗಿ ತೆಗೆದವಲ್ಲ. ಪ್ರತಿ ಚಿತ್ರದ ಬೆನ್ನಿಗೂ ದಿನಾಂಕ, ಗಂಟೆ, ನಿಮಿಷ ಅಂಟಿರುತ್ತದೆ. ಸಂಜೆ ಕಂಪ್ಯೂಟರಿಗೆ ಇಳಿಸಿದರೆ ಹಿತ್ತಲಿನ ದಿನಚರಿ ತಾನೇ ತಾನಾಗಿ ಬರೆದಿರುತ್ತದೆ. ಮಾರ್ಚ್ 6ಕ್ಕೆ ಮೊದಲ ನಾರು. ಮಾರ್ಚ್ 20ರ ಹೊತ್ತಿಗೆ ಹಕ್ಕಿ ಗಂಟೆಗಟ್ಟಲೆ ಒಳಗೇ ಕೂರತೊಡಗಿತ್ತು.

ಅಷ್ಟರಲ್ಲಿ ಯುಗಾದಿ ಹತ್ತಿರ ಬಂತು. ಹಬ್ಬವೆಂದರೆ ಮನೆಯ ಧೂಳು ಹೊಡೆಯುವುದು, ಪಾತ್ರೆಗಳನ್ನೆಲ್ಲ ಇಳಿಸಿ ಬೆಳಗುವುದು, ಪರದೆ–ಹೊದಿಕೆ ಒಗೆಯುವುದು. ಒಗೆದದ್ದನ್ನು ಒಣಹಾಕಲು ಈ ಸಲ ತಾರಸಿಗೆ ಹತ್ತಬೇಕಿತ್ತು. ಮೂರನೆಯ ದಿನಕ್ಕೆ ಅಮ್ಮನ ಮಂಡಿ ಊದಿಕೊಂಡಿತು. ಹಳೆಯ ನೋವು, ಈ ಬಾರಿ ಜೋರಾಗಿತ್ತು. ಡಾಕ್ಟರು ಒಂದು ವಾರ ಬಗ್ಗಬೇಡಿ, ಮೆಟ್ಟಿಲು ಹತ್ತಬೇಡಿ ಎಂದರು. ಒಳಗಿನ ಕೆಲಸವನ್ನು ನಾನೂ ಅಪ್ಪನೂ ಹಂಚಿಕೊಂಡೆವು. ಹಿತ್ತಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅದನ್ನು ಯಾರಾದರೂ ದಿನಾ ಗುಡಿಸುತ್ತಾರೆ ಎಂಬುದು ಗುಡಿಸುವುದು ನಿಂತಾಗಲೇ ಕಾಣುವಂಥದ್ದು. ನಾಲ್ಕು ದಿನದಲ್ಲಿ ಹೊಂಗೆಯ ಎಲೆ ಕಣಕಾಲು ಮುಚ್ಚುವಷ್ಟು ಬಿತ್ತು.

ಮೊದಲು ಬಂದವು ಹರಟೆಮಲ್ಲಗಳು. ಏಳೆಂಟರ ಗುಂಪು, ಸಂತೆಯಲ್ಲಿ ಜಗಳಕ್ಕೆ ನಿಂತವರ ಹಾಗೆ ಸದ್ದು. ಒಂದೊಂದೇ ಎಲೆಯನ್ನು ಕೊಕ್ಕಿನಿಂದ ಮಗುಚಿ ಅಡಿಯ ಹುಳು ಹೆಕ್ಕುತ್ತಿದ್ದವು. ಆಮೇಲೆ ಅಳಿಲುಗಳು. ಹಬ್ಬಕ್ಕೆ ಮೂರು ದಿನವಿರುವಾಗ ಸಂಜೆ ಆರರ ಸುಮಾರಿಗೆ ಅಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ ಪಿಸುಗುಟ್ಟಿದಳು: ‘ಬಾರೇ ಇಲ್ಲಿ. ಕಸದಲ್ಲಿ ಯಾವುದೋ ಬಣ್ಣದ ಕೋಳಿಮರಿ ಓಡಾಡ್ತಿದೆ. ಬಾಲವೇ ಇಲ್ಲ.’

ಅದು ನವರಂಗ. ಹಸಿರು ಬೆನ್ನು, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಬಿಳಿ ಗಂಟಲು, ರೆಕ್ಕೆಯಲ್ಲಿ ಮಿಂಚುವ ನೀಲಿ, ಮೊಟಕು ಬಾಲದ ಕೆಳಗೆ ಕಡುಗೆಂಪು. ಮಧ್ಯ ಭಾರತದಲ್ಲಿ, ಹಿಮಾಲಯದ ತಪ್ಪಲಿನಲ್ಲಿ ಮರಿಮಾಡುವ ಈ ಹಕ್ಕಿಗಳು ಚಳಿಗಾಲ ಕಳೆಯಲು ದಕ್ಷಿಣಕ್ಕೆ, ಶ್ರೀಲಂಕಾದವರೆಗೂ ಬರುತ್ತವೆ, ಬೇಸಗೆಯಲ್ಲಿ ಮರಳುತ್ತವೆ. ಬೆಳಗ್ಗೆ, ಸಂಜೆ ಹೊತ್ತು ಹೊರಳುವ ವೇಳೆಗೆ ಕೂಗುವುದರಿಂದ ತಮಿಳಿನಲ್ಲಿ ಇದಕ್ಕೆ ‘ಆರುಮಣಿ ಕುರುವಿ’, ಆರು ಗಂಟೆಯ ಹಕ್ಕಿ ಎಂದು ಹೆಸರು. ನೆಲದಲ್ಲಿ ಬಿದ್ದ ಎಲೆಗಳನ್ನು ಕೆದಕಿ ಹುಳು, ಎರೆಹುಳು ತಿಂದು ಬದುಕುವ ಇದಕ್ಕೆ ಬೇಕಾದ್ದು ಹೂವಲ್ಲ, ಹಣ್ಣಲ್ಲ. ಯಾರೂ ಗುಡಿಸದ ನೆಲ.

ಬೆಳಕು ಇಳಿದಿತ್ತು. ಕ್ಯಾಮೆರಾವನ್ನು ಕಿಟಕಿಯ ಕಟ್ಟೆಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ನಲವತ್ತು ಚಿತ್ರ ತೆಗೆದೆ. ಮೂವತ್ತೇಳರಲ್ಲಿ ಹಕ್ಕಿ ಬಣ್ಣದ ಮಸುಕು. ಮೂರರಲ್ಲಿ ಮಾತ್ರ ಅದು ಎಲೆಯೊಂದನ್ನು ಕೊಕ್ಕಿನಲ್ಲಿ ಎತ್ತಿ ಎಸೆಯುವ ಗಳಿಗೆ ಹರಳಿನಂತೆ ನಿಂತಿದೆ. ಈವರೆಗೆ ನಾನು ತೆಗೆದವುಗಳಲ್ಲಿ ಅವೇ ಉತ್ತಮ. ಅಂದು ರಾತ್ರಿ ಅವನ್ನು ನೋಡುತ್ತ ಕೂತಾಗ ಒಂದು ಸರಳ ಲೆಕ್ಕ ಹೊಳೆಯಿತು. ಎಲೆ ಉಳಿದದ್ದಕ್ಕೆ ಹಕ್ಕಿ ಬಂತು. ಅಮ್ಮ ಗುಡಿಸದಿದ್ದಕ್ಕೆ ಎಲೆ ಉಳಿಯಿತು. ಮಂಡಿ ಊದಿದ್ದಕ್ಕೆ ಅಮ್ಮ ಗುಡಿಸಲಿಲ್ಲ. ಮಂಡಿ ಊದಿದ್ದರಲ್ಲಿ ಸೂರಕ್ಕಿಗೆ ಬಿಟ್ಟುಕೊಟ್ಟ ಅರ್ಧ ತಂತಿಯ ಪಾಲೂ ಇತ್ತು.

ಮರುದಿನವೂ ನವರಂಗ ಬಂತು. ಹಬ್ಬದ ಹಿಂದಿನ ದಿನ ಅಪ್ಪ ಹಿತ್ತಲು ಗುಡಿಸಿ ಚೊಕ್ಕಟ ಮಾಡಿದರು. ಆಮೇಲೆ ಅದು ಕಾಣಲಿಲ್ಲ. ಗುಡಿಸಿದ್ದಕ್ಕೇ ಹೋಯಿತು ಎನ್ನಲಾರೆ; ಉತ್ತರದ ದಾರಿ ಹಿಡಿಯುವ ಕಾಲವೂ ಹತ್ತಿರವಿತ್ತು.

ಹಬ್ಬದ ರಾತ್ರಿ, ಒಬ್ಬಟ್ಟಿನ ಊಟವಾದ ಮೇಲೆ, ಅಮ್ಮ ಅಪ್ಪನಿಗೆ ಹೇಳಿದಳು: ‘ಗಾರೆಯವರಿಗೆ ಹೇಳಿಬಿಡಿ. ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸೋಣ. ಎರಡು ಬಕೆಟ್ ನೀರು ಹೊಯ್ದರೆ ಆಯ್ತು, ದಿನಾ ಬಗ್ಗಿ ಗುಡಿಸೋದು ತಪ್ಪತ್ತೆ.’

ಇದು ಅಪ್ಪನ ಮಾತಾಗಿದ್ದರೆ ಜಗಳವಾಡುವುದು ಸುಲಭವಿತ್ತು. ನನ್ನ ಬಳಿ ಉತ್ತರಗಳು ಸಿದ್ಧವಿದ್ದವು: ಸಿಮೆಂಟು ಬಿಸಿಲನ್ನು ಹೀರಿ ರಾತ್ರಿಯಿಡೀ ಶಾಖ ಉಗುಳುತ್ತದೆ, ಮಳೆನೀರು ಇಂಗುವುದಿಲ್ಲ, ಮಣ್ಣಿನ ಹುಳು ಸತ್ತರೆ ಹಕ್ಕಿಯೂ ಇಲ್ಲ. ಎಲ್ಲವೂ ನಿಜವೇ. ಹೇಳಿದೆ ಕೂಡ. ‘ಅಮ್ಮ, ಆ ನವರಂಗ ಬಂದಿದ್ದೇ ಎಲೆ ರಾಶಿಗೆ.’

‘ನನಗೂ ಗೊತ್ತು ಕಣೇ, ಮೊದಲು ನೋಡಿದ್ದು ನಾನಲ್ವಾ? ನಿನಗೆ ಅದು ನೋಡೋ ಜಾಗ. ನನಗೆ ಗುಡಿಸೋ ಜಾಗ’ ಎಂದಳು. ಕೋಪವಿರಲಿಲ್ಲ ದನಿಯಲ್ಲಿ. ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದಳು.

ಹಿತ್ತಲಿನ ಜೀವಿಗಳ ಬಗ್ಗೆ ನಾವು ಓದುವುದರಲ್ಲಿ ಬಹುಪಾಲು ‘ಬ್ಯಾಕ್‌ಯಾರ್ಡ್’ಗಳ ಬಗ್ಗೆ ಬರೆದದ್ದು. ಅಲ್ಲಿ ಹುಲ್ಲುಹಾಸು, ಹಕ್ಕಿಗೆ ಕಾಳು ತುಂಬಿ ತೂಗುಹಾಕಿದ ಬಟ್ಟಲು, ರಜೆಯ ದಿನ ಕೂರಲು ಬೆಂಚು. ಉದುರಿದ ಎಲೆಗಳನ್ನು ಹಾಗೇ ಬಿಡಿ, ಹುಳುಗಳಿಗೆ ಮನೆಯಾಗಲಿ ಎಂಬ ಒಳ್ಳೆಯ ಸಲಹೆ. ನಮ್ಮ ಹಿತ್ತಲು ವಿರಾಮದ ಜಾಗವಲ್ಲ, ಹೆಂಗಸರ ಕೆಲಸದ ಜಾಗ. ಬಟ್ಟೆ ಅಲ್ಲಿ, ಮುಸುರೆ ಅಲ್ಲಿ. ಬೆಳಗ್ಗೆ ಐದೂವರೆಗೆ, ಇನ್ನೂ ಕತ್ತಲಿರುವಾಗ, ಬರಿಗಾಲಲ್ಲಿ ತುಂಬಿದ ಬಕೆಟ್ಟು ಹಿಡಿದು ನಡೆಯುವವಳಿಗೆ ಎಲೆಯ ರಾಶಿ ಎಂದರೆ ಜಾರುವ ನೆಲ, ಅದರಡಿ ಇರಬಹುದಾದ ಚೇಳು. ಆ ಭಯ ಅಜ್ಞಾನವಲ್ಲ. ಅದೇ ಹಿತ್ತಲಿನಲ್ಲಿ ಹಕ್ಕಿಗಳಿಗೆ ಬೇಕಾದದ್ದೆಲ್ಲ ಇರುವುದೂ ಆ ಕೆಲಸದಿಂದಲೇ. ಅವಳು ಒಗೆದು ಚೆಲ್ಲಿದ ನೀರಿಗೆ ಬಾಳೆ ಬೆಳೆದು ಸೂರಕ್ಕಿಗೆ ಮೋತೆಯ ಮಕರಂದ ಸಿಗುತ್ತದೆ. ಕಲ್ಲಿನ ಗುಳಿಯಲ್ಲಿ ನಿಂತ ನೀರಿನಲ್ಲಿ ಪಿಕಳಾರ ಮೀಯುತ್ತದೆ. ತಿಕ್ಕಿದ ಪಾತ್ರೆಯ ಅಗುಳಿಗೆ ಗೊರವಂಕ ಬರುತ್ತದೆ. ಹುಳುವಿರುವ ಕಡ್ಡಿಯನ್ನು ಅವಳು ಬಿಟ್ಟದ್ದಕ್ಕೆ ಚಿಟ್ಟೆ ಹುಟ್ಟುತ್ತದೆ. ಪ್ರಕೃತಿ ತನ್ನಷ್ಟಕ್ಕೆ ಇರಲಿ ಎಂಬ ಮಾತು ಲೆನ್ಸಿನ ಈಚೆ ಕೂತವರಿಗೆ ಸಲೀಸು. ಹಿತ್ತಲಿನಲ್ಲಿ ಯಾವುದೂ ತನ್ನಷ್ಟಕ್ಕೆ ಇರಲಿಲ್ಲ. ಎಲ್ಲದರ ಹಿಂದೆಯೂ ಒಂದು ಬೆನ್ನು ಬಗ್ಗಿತ್ತು.

ಆ ರಾತ್ರಿ ಏನೂ ತೀರ್ಮಾನವಾಗಲಿಲ್ಲ. ಮಲಗುವ ಮುಂಚೆ ಅಮ್ಮನೇ ಒಂದು ಷರತ್ತು ಹಾಕಿದಳು. ‘ತಂತಿ ಮೇಲಿನ ಮರಿ ಹಾರೋ ತನಕ ಯಾರನ್ನೂ ಕರೀಬೇಡಿ. ಆ ಮಿಕ್ಸರ್ ಸದ್ದಿಗೆ ಅದು ಗೂಡು ಬಿಟ್ಟು ಹೋದೀತು.’

ಏಪ್ರಿಲ್ 4ರ ಬೆಳಗ್ಗೆ ತಾಯಿ ಹಕ್ಕಿ ಕೊಕ್ಕಿನಲ್ಲಿ ಪುಟ್ಟ ಜೇಡವನ್ನು ಹಿಡಿದು ಬಂತು. ಮಕರಂದ ಕುಡಿದು ಬದುಕುವ ಹಕ್ಕಿ ಮರಿಗೆ ತರುವುದು ಜೇಡ, ಹುಳು. ಬೆಳೆಯುವ ಮೈಗೆ ಸಿಹಿನೀರು ಸಾಲದು. ಗಂಡೂ ಸೇರಿಕೊಂಡಿತು. ದಿನದಿನಕ್ಕೆ ಓಡಾಟ ಹೆಚ್ಚಿತು, ಗೂಡು ಉಬ್ಬಿತು. ಒಂದು ಮಧ್ಯಾಹ್ನ ಕೆಂಬೂತವೊಂದು ಕಾಂಪೌಂಡಿನ ಮೇಲೆ ನಡೆದು ಬಂದಾಗ, ಕುರ್ಚಿಯಲ್ಲಿದ್ದ ಅಮ್ಮ ನೋವು ಮರೆತು ಎದ್ದು ಕೈಬೀಸಿ ಓಡಿಸಿದಳು. ಕೆಂಬೂತಕ್ಕೂ ಮರಿಗಳಿರಬಹುದು ಎಂದು ನಾನು ಬಾಯಿಬಿಡಲಿಲ್ಲ. 20ರಂದು ಒಂದು, 21ರಂದು ಇನ್ನೊಂದು ಮರಿ ಹಾರಿದವು. ಎರಡನೆಯದು ಮೊದಲು ಅಮ್ಮನ ರವಿಕೆಯ ಮೇಲೆ ಕೂತು, ಆಮೇಲೆ ದಾಸವಾಳಕ್ಕೆ ಹೋಯಿತು. ಚಿತ್ರದಲ್ಲಿ ಮರಿ ಮಸುಕಾಗಿದೆ, ರವಿಕೆಯ ಕುಚ್ಚು ಸ್ಪಷ್ಟವಾಗಿದೆ.

ಮೇ ಮೊದಲ ವಾರ ಗಾರೆಯವರು ಬಂದರು. ಅಷ್ಟರಲ್ಲಿ ಮಾತುಕತೆಯಿಂದ ಒಂದು ನಡುದಾರಿ ಮೂಡಿತ್ತು, ಅಕ್ಷರಶಃ. ಹಿಂಬಾಗಿಲಿನಿಂದ ಒಗೆಯುವ ಕಲ್ಲಿನವರೆಗೆ ಮೂರಡಿ ಅಗಲಕ್ಕೆ ಕಾಲು ಜಾರದ ಒರಟು ಚಪ್ಪಡಿ, ಕಲ್ಲಿನ ಸುತ್ತ ಒಂದಿಷ್ಟು ಸಿಮೆಂಟು. ಉಳಿದದ್ದು ಮಣ್ಣು. ಹೊಂಗೆಯ ಕೆಳಗಿನ ಮೂಲೆಯಲ್ಲಿ ನಾಲ್ಕು ಸಾಲು ಇಟ್ಟಿಗೆ ಇಟ್ಟು ಎಲೆಗೊಂದು ಆವರಣ. ಅಪ್ಪ ತೆಂಗಿನ ಗರಿಯ ಪೊರಕೆಯನ್ನು ಉದ್ದನೆಯ ಪೈಪಿಗೆ ಬಿಗಿದು ಬಗ್ಗದೆ ಗುಡಿಸುವ ಹಾಗೆ ಮಾಡಿದರು. ಈಗ ಗುಡಿಸುವವರೂ ಅವರೇ. ನೆರೆಯವರು ಎದ್ದು ನೋಡುವ ಮೊದಲೇ ಮುಗಿಸಿಬಿಡುತ್ತಾರೆ. ಹೊಸ ತಂತಿಯೊಂದು ಕಟ್ಟಿಯಾಗಿದೆ; ಹಳೆಯದು ಸೂರಕ್ಕಿಯ ಲೆಕ್ಕಕ್ಕೆ ಹೋಗಿದೆ.

ಇದರಿಂದ ಎಲ್ಲ ಬಗೆಹರಿಯಿತು ಎನ್ನುವಂತಿಲ್ಲ. ಚಪ್ಪಡಿಯ ಕೆಳಗೆ ಹೋದ ಮಣ್ಣಿನಲ್ಲಿ ಏನೇನಿತ್ತೋ ಅದು ಹೋಯಿತು. ಅಪ್ಪನಿಗೂ ಅರವತ್ತೆರಡು. ಪ್ರಬಂಧ ಸಲ್ಲಿಸಿದ ಮೇಲೆ ನಾನು ಯಾವ ಊರಿನಲ್ಲಿರುತ್ತೇನೋ. ಒಂದು ಮೂಲೆಯಷ್ಟು ಕಾಡನ್ನು ಉಳಿಸಿಕೊಳ್ಳಲು 40–60ರ ಮನೆಯೊಂದು ಪ್ರತಿದಿನ ಯಾರದೋ ಮೈಯಿಂದ ತೆರುವ ಬಾಡಿಗೆ ಇದು. ಕಾಡು ಬೇಕೆನ್ನುವವರು ಆ ಬಾಡಿಗೆಯಲ್ಲೂ ಪಾಲು ಹಾಕಬೇಕು ಎಂಬುದಷ್ಟೇ ನನಗೆ ಈ ವಸಂತದಲ್ಲಿ ತಿಳಿದದ್ದು.

ನವರಂಗದ ಚಿತ್ರವನ್ನು ನೋಡಿದ ಗೆಳೆಯರು ಸ್ಪರ್ಧೆಗೆ ಕಳಿಸು ಎನ್ನುತ್ತಾರೆ. ಹಿನ್ನೆಲೆಯಲ್ಲಿ ಗೋಡೆಗೆ ಒರಗಿಸಿದ ಪೊರಕೆಯ ತುದಿ ಮಸುಕಾಗಿ ಕಾಣುತ್ತದೆ, ಅದನ್ನು ಕತ್ತರಿಸಿ ಕಳಿಸು ಎಂದು ಸಲಹೆ. ಹಕ್ಕಿ ಹೇಗೂ ಚೌಕಟ್ಟಿನ ನಡುವೆಯೇ ಇದೆ, ಕತ್ತರಿಸಿದರೆ ಚಿತ್ರ ಕೆಡುವುದಿಲ್ಲ. ನಾನು ಕತ್ತರಿಸಿಲ್ಲ. ಆ ನಾಲ್ಕು ದಿನ ಪೊರಕೆ ಅಲ್ಲಿ ಒರಗಿಯೇ ಇದ್ದದ್ದರಿಂದಲ್ಲವೇ ಹಕ್ಕಿ ಬಂದದ್ದು?